ನಮ್ಮ ಕಾಲದ ಬಾಲ್ಯನೇ ಚೆನ್ನಾಗಿತ್ತಾ? ನೆನಪು ಹೇಳೋದು ಒಂದು, ಲೆಕ್ಕ ಹೇಳೋದು ಇನ್ನೊಂದು

"ಈಗಿನ ಮಕ್ಕಳಿಗೆ ಬಾಲ್ಯ ಅನ್ನೋದೇ ಇಲ್ಲ ಬಿಡಿ" ಅನ್ನೋ ಮಾತು ಮೂವತ್ತು ದಾಟಿದವರ ಬಾಯಲ್ಲಿ ಯಾವಾಗಾದ್ರೂ ಒಂದ್ಸಲ ಬಂದೇ ಬಂದಿರುತ್ತೆ. ಕೇಳಿದವರಲ್ಲಿ ಅರ್ಧ ಜನ ಹೌದಪ್ಪಾ ಹೌದು ಅಂತ ತಲೆ ಆಡಿಸ್ತಾರೆ, ಇನ್ನರ್ಧ ಜನ ಇದು ಎಲ್ಲಾ ಕಾಲದಲ್ಲೂ ದೊಡ್ಡವರು ಗೊಣಗೋದೇ ತಾನೆ ಅಂತ ತಳ್ಳಿಹಾಕ್ತಾರೆ. ನನಗನ್ಸೋದು ಎರಡೂ ಅವಸರದ ತೀರ್ಮಾನ. ಆ ಒಂದೇ ಮಾತಿನಲ್ಲಿ ಎರಡು ಬೇರೆ ಬೇರೆ ವಿಷಯ ಅಂಟ್ಕೊಂಡಿವೆ: ನಮ್ಮ ಮೆದುಳು ಹಳೇದನ್ನ ಹೇಗೆ ಇಟ್ಕೊಳ್ಳುತ್ತೆ ಅನ್ನೋದೊಂದು, ಮಕ್ಕಳ ದಿನಚರಿ ನಿಜವಾಗ್ಲೂ ಎಷ್ಟು ಬದಲಾಗಿದೆ ಅನ್ನೋದು ಇನ್ನೊಂದು. ಇವೆರಡನ್ನೂ ಬಿಡಿಸಿ ನೋಡಿದ್ರೆ ನಾವು ಯಾವುದಕ್ಕೆ ಕೊರಗಬೇಕು, ಯಾವುದಕ್ಕೆ ಕೊರಗೋದು ಬೇಡ ಅಂತ ಸ್ವಲ್ಪ ಸ್ಪಷ್ಟವಾಗುತ್ತೆ.

ಮೊದಲು ನೆನಪಿನ ವಿಷಯ. ನಾಸ್ಟಾಲ್ಜಿಯಾಗೆ, ಅಂದ್ರೆ ಹಳೇ ದಿನಗಳಿಗಾಗಿ ಹಂಬಲಿಸೋದಕ್ಕೆ, ಆ ಹೆಸರು ಬಂದಿದ್ದು 1688ರಲ್ಲಿ, ಯೊಹಾನೆಸ್ ಹೋಫರ್ ಅನ್ನೋ ವೈದ್ಯಕೀಯ ವಿದ್ಯಾರ್ಥಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಬರೆದ ಪ್ರಬಂಧದಿಂದ, ಮತ್ತೆ ಆಗ ಅದನ್ನ ಒಂದು ಕಾಯಿಲೆ ಅಂತಾನೇ ಲೆಕ್ಕ ಹಾಕ್ತಿದ್ರು, ಮನೆಯಿಂದ ದೂರ ಇದ್ದವರು ಊಟ ನಿದ್ದೆ ಬಿಟ್ಟು ಸೊರಗೋ ಕಾಯಿಲೆ. ಈಗ ಹಾಗೆ ಯಾರೂ ನೋಡಲ್ಲ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಟಿಮ್ ವೈಲ್ಡ್‌ಶುಟ್, ಕಾನ್ಸ್ಟಂಟೀನ್ ಸೆಡಿಕೀಡಿಸ್ ಮತ್ತವರ ಜೊತೆಯವರು 2006ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ ಕಂಡಿದ್ದು ಏನಂದ್ರೆ, ಜನರಿಗೆ ಹಳೇ ದಿನಗಳು ಜಾಸ್ತಿ ಕಾಡೋದು ಮನಸ್ಸು ಸರಿಯಿಲ್ಲದಾಗ, ಅದರಲ್ಲೂ ಒಂಟಿತನ ಅನ್ನಿಸಿದಾಗ, ಮತ್ತೆ ಹಾಗೆ ನೆನಪಿಸ್ಕೊಂಡ ಮೇಲೆ ನಮ್ಮೋರು ಅಂತ ನಮಗೂ ಇದ್ದಾರೆ ಅನ್ನೋ ಭಾವನೆ ಗಟ್ಟಿಯಾಗುತ್ತೆ. ಆ ನೆನಪುಗಳಲ್ಲಿ ಹೆಚ್ಚಾಗಿ ಬರೋದು ಕೂಡ ಹತ್ತಿರದವರೇ. ಇದನ್ನ ಓದಿದಾಗಿಂದ ಯಾರಾದ್ರೂ ಹಳೇ ಆಟಗಳ ಬಗ್ಗೆ ಉದ್ದಕ್ಕೆ ಹೇಳ್ಕೊಂಡು ಹೋದ್ರೆ ನಾನು ಆಟಕ್ಕಿಂತ ಜಾಸ್ತಿ ಅದರಲ್ಲಿ ಬರೋ ಹೆಸರುಗಳನ್ನ ಕೇಳಿಸ್ಕೊಳ್ತೀನಿ, ಎಷ್ಟೋ ಸಲ ಅವರಿಗೆ ಬೇಕಾಗಿರೋದು ಆ ಬುಗುರಿ ಅಲ್ಲ, ಜೊತೆಗೆ ಆಡ್ತಿದ್ದವರು.

ಆದ್ರೆ ಮನಸ್ಸಿಗೆ ಸಮಾಧಾನ ಕೊಡೋ ನೆನಪು ಸಾಕ್ಷಿ ಹೇಳೋಕೆ ಅಷ್ಟು ನಂಬಿಕೆಗೆ ತಕ್ಕದ್ದಲ್ಲ. ಕಾಲ ಕಳೆದಂಗೆ ಕೆಟ್ಟ ಘಟನೆಗಳ ನೋವು ಒಳ್ಳೇ ಘಟನೆಗಳ ಖುಷಿಗಿಂತ ಬೇಗ ಮಾಸುತ್ತೆ ಅನ್ನೋದು ಮನಶ್ಶಾಸ್ತ್ರಜ್ಞರು ಮತ್ತೆ ಮತ್ತೆ ಕಂಡಿರೋ ವಿಷಯ. ಹಾಗಾಗಿ ಇಡೀ ಮಧ್ಯಾಹ್ನ ಬೇಜಾರಾಗಿ ಗೋಡೆ ನೋಡ್ಕೊಂಡು ಕೂತಿದ್ದು, ದೊಡ್ಡ ಹುಡುಗರು ಹೊಡೆದಿದ್ದು, ಯಾರಿಗೂ ಹೇಳೋಕಾಗದ ಭಯ, ಇವೆಲ್ಲ ಹಿಂದೆ ಸರಿದುಬಿಡುತ್ತೆ. ಇಷ್ಟೇ ಆಗಿದ್ರೆ ಪರವಾಗಿಲ್ಲ, ಮೆದುಳು ಆಗದೇ ಇರೋದನ್ನೂ ಸೇರಿಸುತ್ತೆ! 2002ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕಿಂಬರ್ಲಿ ವೇಡ್ ಮತ್ತೆ ಅವರ ಸಂಗಡಿಗರು 20 ಜನ ದೊಡ್ಡವರಿಗೆ ಅವರ ಚಿಕ್ಕಂದಿನ ಫೋಟೋಗಳನ್ನ ತೋರಿಸಿದ್ರು, ಅದರಲ್ಲಿ ಒಂದು ಮಾತ್ರ ನಕಲಿ, ಆ ಮಗು ಬಿಸಿಗಾಳಿ ಬಲೂನಿನಲ್ಲಿ ಕೂತಿರೋ ಹಾಗೆ ಕೂಡಿಸಿ ಮಾಡಿದ್ದು. ಮೂರು ಸಲ ಕೂರಿಸಿ ಮಾತಾಡಿಸೋ ಹೊತ್ತಿಗೆ ಅರ್ಧ ಜನಕ್ಕೆ ಆ ಬಲೂನ್ ಪ್ರಯಾಣ ಪೂರ್ತಿನೋ ಸ್ವಲ್ಪನೋ "ನೆನಪಾಗಿತ್ತು".

ಇದಕ್ಕಿಂತ ನನಗೆ ಹಿಡಿಸಿದ್ದು ಜಾನ್ ಪ್ರಾಟ್ಜ್ಕೋ ಮತ್ತು ಜೋನಥನ್ ಸ್ಕೂಲರ್ 2019ರಲ್ಲಿ ತೋರಿಸಿದ ಒಂದು ಸಂಗತಿ. ಅಮೆರಿಕದ ಸಾವಿರಾರು ದೊಡ್ಡವರನ್ನ ಕೇಳಿದಾಗ, ತುಂಬಾ ಓದೋರು "ಈಗಿನ ಮಕ್ಕಳಿಗೆ ಓದೋ ಆಸೆನೇ ಇಲ್ಲ" ಅಂತ ಜಾಸ್ತಿ ಹೇಳ್ತಾರೆ, ಬುದ್ಧಿವಂತಿಕೆ ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿದೋರು "ಈಗಿನವರು ಅಷ್ಟು ಚುರುಕಿಲ್ಲ" ಅಂತಾರೆ, ದೊಡ್ಡವರ ಮಾತು ಮೀರಬಾರದು ಅನ್ನೋ ಸ್ವಭಾವದೋರು "ಮರ್ಯಾದೆನೇ ಇಲ್ಲ ಇವರಿಗೆ" ಅಂತಾರೆ. ಅಂದ್ರೆ ಯಾರು ಯಾವುದರಲ್ಲಿ ಗಟ್ಟಿಯೋ ಅವರಿಗೆ ಅದರಲ್ಲೇ ಮಕ್ಕಳ ಕೊರತೆ ಕಾಣುತ್ತೆ. ಇದು ಯಾಕೆ ಅಂದ್ರೆ, ನಮ್ಮ ಜೊತೆ ಬೆಳೆದ ಮಕ್ಕಳು ಆಗ ಹೇಗಿದ್ರು ಅನ್ನೋದಕ್ಕೆ ನಮ್ಮ ಹತ್ರ ಸರಿಯಾದ ದಾಖಲೆ ಇರಲ್ಲ, ಅದಕ್ಕೆ ಈಗಿನ ನಮ್ಮನ್ನೇ ತಗೊಂಡು ಹೋಗಿ ಆ ಕಾಲದ ಎಲ್ಲಾ ಮಕ್ಕಳ ಮೇಲೂ ಕೂರಿಸಿಬಿಡ್ತೀವಿ. ಪುಸ್ತಕ ಓದೋ ನಲವತ್ತರ ಮನುಷ್ಯ ತನ್ನ ಕ್ಲಾಸಿನಲ್ಲಿ ಎಲ್ಲರೂ ಓದ್ತಿದ್ರು ಅಂದ್ಕೊಂಡಿರ್ತಾನೆ, ಆದ್ರೆ ಅದರಲ್ಲಿ ಎಷ್ಟೋ ಜನ ಯಾವತ್ತೂ ಪುಸ್ತಕ ಮುಟ್ಟಿರಲ್ಲ.

ಲೆಕ್ಕ ನಿಜವಾಗ್ಲೂ ಉಲ್ಟಾ ಆಗಿರೋ ಜಾಗನೂ ಇದೆ. ಮಗುವಿನ ಮುಂದೆ ಒಂದು ಮಾರ್ಷ್‌ಮ್ಯಾಲೋ ಮಿಠಾಯಿ ಇಟ್ಟು "ಸ್ವಲ್ಪ ಕಾದ್ರೆ ಎರಡು ಸಿಗುತ್ತೆ" ಅನ್ನೋ ಆ ಪ್ರಸಿದ್ಧ ತಾಳ್ಮೆ ಪರೀಕ್ಷೆ ಗೊತ್ತಲ್ಲ, 1960ರ ದಶಕದ ಅಮೆರಿಕದ ಮಕ್ಕಳಿಗಿಂತ 2000ದ ದಶಕದ ಮಕ್ಕಳು ಸರಾಸರಿ 2 ನಿಮಿಷ ಜಾಸ್ತಿ ಕಾದ್ರು ಅಂತ ಸ್ಟೆಫನಿ ಕಾರ್ಲ್‌ಸನ್ ತಂಡ 2018ರಲ್ಲಿ ವರದಿ ಮಾಡಿತು. ಅದೇ ತಂಡ ದೊಡ್ಡವರನ್ನ ಕೇಳಿದಾಗ 72 ಪರ್ಸೆಂಟ್ ಜನ ಈಗಿನ ಮಕ್ಕಳು ಕಮ್ಮಿ ಕಾಯ್ತಾರೆ ಅಂತ ಅಂದಾಜು ಮಾಡಿದ್ರು. ಅಪ್ಪ ಅಮ್ಮಂದಿರಿಗೆ ಮಕ್ಕಳ ಜೊತೆ ಇರೋಕೆ ಟೈಮೇ ಇಲ್ಲ ಅನ್ನೋ ಮಾತೂ ಹಾಗೇ: 1965ರಿಂದ 2012ರವರೆಗೆ 11 ಪಾಶ್ಚಾತ್ಯ ದೇಶಗಳ ಸಮಯದ ದಿನಚರಿಗಳನ್ನ ಕೂಡಿಸಿ ನೋಡಿದ ಅಧ್ಯಯನದಲ್ಲಿ ತಾಯಂದಿರು ದಿನಕ್ಕೆ 54 ನಿಮಿಷದಿಂದ 104 ನಿಮಿಷಕ್ಕೆ, ತಂದೆಯರು 16ರಿಂದ 59 ನಿಮಿಷಕ್ಕೆ ಏರಿದ್ದಾರೆ. ಇನ್ನು ಎಲ್ಲಕ್ಕಿಂತ ದೊಡ್ಡ ಬದಲಾವಣೆ ನಮ್ಮ ನೆನಪಿಗೆ ಬರೋದೇ ಇಲ್ಲ. ಜಗತ್ತಿನಲ್ಲಿ 1990ರಲ್ಲಿ ಹುಟ್ಟಿದ ಪ್ರತಿ 1000 ಮಕ್ಕಳಲ್ಲಿ ಸುಮಾರು 93 ಮಕ್ಕಳು ಐದು ವರ್ಷ ತುಂಬೋದ್ರೊಳಗೆ ತೀರಿಕೊಳ್ತಿದ್ರು, 2022ಕ್ಕೆ ಅದು ಸುಮಾರು 37. ನಮ್ಮ ಕಾಲ ಚೆನ್ನಾಗಿತ್ತು ಅಂತ ಹೇಳೋಕೆ ಉಳಿದಿರೋದು ಬದುಕಿದವರು ಮಾತ್ರ, ಈ ಮಾತು ಬರೆಯುವಾಗ್ಲೂ ಮನಸ್ಸು ಭಾರ ಆಗುತ್ತೆ.

ಹಾಗಾದ್ರೆ ಕಳ್ಕೊಂಡಿದ್ದು ಏನೂ ಇಲ್ವಾ? ಇದೆ, ತುಂಬಾ ದೊಡ್ಡದೇ ಇದೆ, ಅದನ್ನ ಅಳತೆ ಮಾಡಿದೋರೂ ಇದ್ದಾರೆ. ಮೇಯರ್ ಹಿಲ್ಮನ್ ಅನ್ನೋ ಸಂಶೋಧಕರು 1971ರಲ್ಲಿ ಇಂಗ್ಲೆಂಡಿನ ಶಾಲೆಗಳಲ್ಲಿ ವಿಚಾರಿಸಿದಾಗ 7-8 ವರ್ಷದ ಮಕ್ಕಳಲ್ಲಿ 80 ಪರ್ಸೆಂಟ್ ದೊಡ್ಡವರಿಲ್ಲದೆ ಶಾಲೆಗೆ ಹೋಗ್ತಿದ್ರು, 1990ರಲ್ಲಿ ಅದೇ ಶಾಲೆಗಳಿಗೆ ಮತ್ತೆ ಹೋದಾಗ ಅದು 9 ಪರ್ಸೆಂಟ್‌ಗೆ ಇಳಿದಿತ್ತು. ಇಸವಿ ಇನ್ನೊಂದ್ಸಲ ನೋಡಿ. ಸ್ಮಾರ್ಟ್‌ಫೋನ್ ಬಿಡಿ, ಮನೆಗಳಲ್ಲಿ ಇಂಟರ್ನೆಟ್ ಕೂಡ ಇರಲಿಲ್ಲ ಆಗ. ಮಕ್ಕಳು ಮೊಬೈಲ್ ಹಿಡ್ಕೊಂಡು ಒಳಗೆ ಕೂತ್ರು ಅಂತ ನಾವು ಬೈತೀವಲ್ಲ, ಕನಿಷ್ಠ ಅಲ್ಲಿ ಹೊರಗಿನ ಬಾಗಿಲು ಮುಚ್ಚಿದ್ದು ಮೊದಲು, ಮೊಬೈಲ್ ಬಂದಿದ್ದು ಆಮೇಲೆ. ಮುಚ್ಚಿಸಿದ್ದು ಮುಖ್ಯವಾಗಿ ವಾಹನಗಳು. ರಸ್ತೆಯಲ್ಲಿ ಸಾಯೋ ಮಕ್ಕಳ ಸಂಖ್ಯೆ ಅಲ್ಲಿ ಆ ವರ್ಷಗಳಲ್ಲಿ ಕಮ್ಮಿ ಆಗಿತ್ತು, ಅದನ್ನ ರಸ್ತೆ ಸುರಕ್ಷಿತ ಆಗಿದೆ ಅನ್ನೋಕೆ ಪುರಾವೆ ಅಂತಿದ್ರು, ಹಿಲ್ಮನ್ ವಾದ ಏನಂದ್ರೆ ರಸ್ತೆ ಸುರಕ್ಷಿತ ಆಗಿಲ್ಲ, ಮಕ್ಕಳನ್ನೇ ರಸ್ತೆಯಿಂದ ತೆಗೆದುಬಿಟ್ಟಿದ್ದೀವಿ ಅಷ್ಟೇ.

ಭಯ ಅನ್ನೋದು ಇದಕ್ಕೆ ಇನ್ನೊಂದು ಕಾರಣ, ಅದು ಅಪಾಯದ ಲೆಕ್ಕ ನೋಡ್ಕೊಂಡು ಬರೋದಲ್ಲ. ರೋಜರ್ ಹಾರ್ಟ್ 1970ರ ದಶಕದಲ್ಲಿ ಅಮೆರಿಕದ ಒಂದು ಸಣ್ಣ ಊರಲ್ಲಿ ಮಕ್ಕಳ ಹಿಂದೆಯೇ ತಿರುಗಾಡಿ ಯಾರು ಎಲ್ಲಿವರೆಗೆ ಒಬ್ಬರೇ ಹೋಗ್ತಾರೆ, ಎಲ್ಲಿ ಅಡಗಿ ಕೂರ್ತಾರೆ, ಯಾವ ದಾರಿಗೆ ಏನು ಹೆಸರು ಇಟ್ಕೊಂಡಿದ್ದಾರೆ ಅನ್ನೋದನ್ನೆಲ್ಲ ನಕ್ಷೆ ಮಾಡಿದ್ರು. ಸುಮಾರು ಮೂವತ್ತು ವರ್ಷ ಆದ್ಮೇಲೆ ಮತ್ತೆ ಅಲ್ಲಿಗೆ ಹೋದಾಗ, ಆಗ ಬೇಕಾದ ಕಡೆ ತಿರುಗ್ತಿದ್ದ ಮಕ್ಕಳೇ ಈಗ ಅಪ್ಪ ಅಮ್ಮ ಆಗಿದ್ರು, ಆದ್ರೆ ಭಯದಿಂದ ತಮಗೆ ಸಿಕ್ಕಿದ ಸ್ವಾತಂತ್ರ್ಯವನ್ನ ತಮ್ಮ ಮಕ್ಕಳಿಗೆ ಕೊಡ್ತಿರಲಿಲ್ಲ.

ಇದರ ಬೆಲೆ ಬರೀ ಮನಸ್ಸಿಗೆ ಸಂಬಂಧಪಟ್ಟಿದ್ದಲ್ಲ, ಕಣ್ಣಿಗೇ ತಟ್ಟುತ್ತೆ. ಹೊರಗಿನ ಬೆಳಕು ಮನೆಯೊಳಗಿನ ಬೆಳಕಿಗಿಂತ ಎಷ್ಟೋ ಪಟ್ಟು ಪ್ರಖರ, ಅದು ಕಣ್ಣಿನ ಹಿಂಭಾಗದ ಪರದೆಯಲ್ಲಿ ಡೋಪಮೈನ್ ಅನ್ನೋ ರಾಸಾಯನಿಕ ಬಿಡುಗಡೆ ಆಗೋ ಹಾಗೆ ಮಾಡಿ ಕಣ್ಣುಗುಡ್ಡೆ ಅತಿಯಾಗಿ ಉದ್ದಕ್ಕೆ ಬೆಳೆಯೋದನ್ನ ತಡೆಯುತ್ತೆ ಅನ್ನೋದು ಈಗ ಹೆಚ್ಚು ಒಪ್ಪಿರೋ ವಿವರಣೆ. ಚೀನಾದ ಗ್ವಾಂಗ್ಜೌನಲ್ಲಿ 12 ಶಾಲೆಗಳ ಒಂದನೇ ಕ್ಲಾಸಿನ ಮಕ್ಕಳನ್ನ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಶಾಲೆ ಇರೋ ದಿನ 40 ನಿಮಿಷ ಹೆಚ್ಚು ಹೊರಗಿನ ಚಟುವಟಿಕೆ ಕೊಟ್ರು, ಮೂರು ವರ್ಷದಲ್ಲಿ ಅವರಲ್ಲಿ 30.4 ಪರ್ಸೆಂಟ್ ಮಕ್ಕಳಿಗೆ ಸಮೀಪದೃಷ್ಟಿ, ಅಂದ್ರೆ ಕಣ್ಣುಗುಡ್ಡೆ ಹಾಗೆ ಉದ್ದ ಆಗಿ ದೂರದ್ದು ಮಸುಕಾಗಿ ಕಾಣೋ ತೊಂದರೆ, ಬಂತು, ಉಳಿದ ಗುಂಪಿನಲ್ಲಿ 39.5. ಬರೀ ನಲವತ್ತು ನಿಮಿಷ, ಔಷಧಿ ಇಲ್ಲ, ಖರ್ಚಿಲ್ಲ.

ಆಟಗಳು ಸತ್ತುಹೋದ್ವು ಅನ್ನೋ ಕೊರಗನ್ನ ಮಾತ್ರ ನಾನು ಅಷ್ಟಾಗಿ ಒಪ್ಪಲ್ಲ. ಬ್ರಿಟನ್ನಿನ ಅಯೋನಾ ಮತ್ತು ಪೀಟರ್ ಓಪಿ ದಂಪತಿ 1950ರ ದಶಕದಲ್ಲಿ ಮಕ್ಕಳ ಆಟ, ಪ್ರಾಸ, ಪದ್ಯಗಳನ್ನ ಸಂಗ್ರಹಿಸೋಕೆ ಹೊರಟಾಗ ಅಷ್ಟು ಹಿಂದೇನೇ ದೊಡ್ಡವರು ಅವೆಲ್ಲ ಮುಗಿದ ಕಥೆ ಅಂತಿದ್ರು, ಇವರು ನೇರ ಮಕ್ಕಳನ್ನ ಕೇಳಿದ್ರೆ ರಾಶಿ ರಾಶಿ ಸಿಕ್ತು. ಮಕ್ಕಳು ಆಟ ಕಲಿಯೋದು ದೊಡ್ಡವರಿಂದಲ್ಲ, ತಮಗಿಂತ ಒಂದೆರಡು ವರ್ಷ ದೊಡ್ಡ ಮಕ್ಕಳಿಂದ, ಹಾಗಾಗಿ ಬೇರೆ ಬೇರೆ ವಯಸ್ಸಿನೋರು ಒಂದೇ ಕಡೆ ಸೇರೋಕೆ ಜಾಗ ಇದ್ರೆ ಆ ಸರಪಳಿ ತಾನಾಗೇ ಮುಂದುವರಿಯುತ್ತೆ, ನಾವು ಯಾರೂ ಕ್ಲಾಸ್ ತಗೋಬೇಕಿಲ್ಲ. ಸಮಸ್ಯೆ ಇರೋದು ಆ ಜಾಗದಲ್ಲಿ.

ಜಾಗ ವಾಪಸ್ ಪಡ್ಕೊಂಡಿರೋ ಉದಾಹರಣೆಗಳೂ ಇವೆ. 2015ರಲ್ಲಿ 16 ದೇಶಗಳನ್ನ ಹೋಲಿಸಿದ ಒಂದು ವರದಿಯಲ್ಲಿ ಮಕ್ಕಳು ಒಬ್ಬರೇ ಓಡಾಡೋ ವಿಷಯದಲ್ಲಿ ಮೊದಲ ಸ್ಥಾನ ಫಿನ್ಲೆಂಡಿಗೆ, ಅದೇನು ಮೊಬೈಲ್ ಇಲ್ಲದ ದೇಶ ಅಲ್ಲ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 2009ರಲ್ಲಿ ಅಕ್ಕಪಕ್ಕದ ಇಬ್ಬರು ತಾಯಂದಿರು ಸೇರಿ ಶಾಲೆ ಬಿಟ್ಟ ಮೇಲೆ ಸ್ವಲ್ಪ ಹೊತ್ತು ತಮ್ಮ ಬೀದಿಗೆ ವಾಹನ ಬಾರದ ಹಾಗೆ ಅನುಮತಿ ತಗೊಂಡ್ರು, ಮಕ್ಕಳಿಗೆ ಆಟದ ಸಾಮಾನು ಕೊಡಲಿಲ್ಲ, ಕಾರ್ಯಕ್ರಮ ಇಡಲಿಲ್ಲ, ಬೀದಿ ಖಾಲಿ ಮಾಡಿಕೊಟ್ರು ಅಷ್ಟೇ. ಆಮೇಲೆ ಬ್ರಿಟನ್ನಿನ ನೂರಾರು ಬೀದಿಗಳು ಅದೇ ಕ್ರಮ ಹಿಡಿದ್ವು, ಅದಕ್ಕೆ ಅನುಮತಿ ಕೊಡೋ ಪದ್ಧತಿಯನ್ನ ಎಷ್ಟೋ ಸ್ಥಳೀಯ ಆಡಳಿತಗಳು ರೂಪಿಸಿದ್ವು.