ಬೆಳಗಾಗುವಷ್ಟರಲ್ಲಿ ಕಿವಿ ಸರಿಹೋಯಿತು, ಇನ್ನೇನು ತೊಂದರೆ?

ಓದುಗರ ಪ್ರಶ್ನೆ: ಮೊನ್ನೆ ರಾತ್ರಿ ಸಂಗೀತ ಕಾರ್ಯಕ್ರಮವೊಂದರಲ್ಲಿ ಸ್ಪೀಕರ್ ಪಕ್ಕದಲ್ಲೇ ಮೂರು ತಾಸು ನಿಂತಿದ್ದೆ. ಹೊರಗೆ ಬಂದಾಗ ಕಿವಿಯಲ್ಲಿ ಗುಂಯ್ ಅನ್ನುವ ಸದ್ದು. ಜೊತೆಗಿದ್ದವರ ಮಾತು ಕಿವಿಗೆ ಹತ್ತಿ ತುರುಕಿದಂತೆ ಮಂದವಾಗಿ ಕೇಳುತ್ತಿತ್ತು. ಬೆಳಿಗ್ಗೆ ಎದ್ದಾಗ ಎಲ್ಲ ಮೊದಲಿನಂತಾಗಿತ್ತು. ಹಾಗಾದರೆ ಕಿವಿಗೆ ಏನೂ ಆಗಿಲ್ಲ ಎಂದುಕೊಳ್ಳಬಹುದೇ? ಮುಂದಿನ ವಾರ ಇನ್ನೊಂದು ಕಾರ್ಯಕ್ರಮವಿದೆ.

ಉತ್ತರ: ಹಾಗೆಂದುಕೊಳ್ಳಬೇಡಿ. ಆ ರಾತ್ರಿ ನಿಮ್ಮ ಕಿವಿಗೆ ಪೆಟ್ಟು ಬಿದ್ದದ್ದು ನಿಜ. ಅದರ ಬಹುಪಾಲು ವಾಸಿಯಾಗಿದೆ, ಅದೂ ನಿಜ. ಪೂರ್ತಿ ವಾಸಿಯಾಯಿತೇ ಎಂಬುದು ಮಾತ್ರ, ಚೆನ್ನಾಗಿ ಕೇಳಿಸುತ್ತಿದೆ ಎಂದಷ್ಟಕ್ಕೆ ಗೊತ್ತಾಗುವುದಿಲ್ಲ.

ಪೆಟ್ಟು ಬೀಳುವ ಜಾಗ ಯಾವುದು ನೋಡಿ. ಗಾಳಿಯ ಅದುರಾಟ ಕಿವಿತಮಟೆಗೆ ತಾಗಿ, ಮೂರು ಪುಟ್ಟ ಮೂಳೆಗಳನ್ನು ದಾಟಿ ಒಳಕಿವಿಗೆ ಹೋಗುತ್ತದೆ. ಅಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿಕೊಂಡ, ದ್ರವ ತುಂಬಿದ ಕಾಕ್ಲಿಯಾ ಇದೆ. ಅದರೊಳಗೆ ಸಾಲುಗಟ್ಟಿ ನಿಂತಿರುವುದೇ ಕೂದಲುಕೋಶಗಳು. ಒಂದೊಂದರ ತಲೆಯ ಮೇಲೂ ಅತಿ ಸಣ್ಣ ಎಳೆಗಳ ಗೊಂಚಲು. ದ್ರವ ಅಲುಗಿದಾಗ ಎಳೆಗಳು ಬಾಗುತ್ತವೆ, ಬಾಗಿದಾಗ ಕೋಶ ಕೆಳಗಿರುವ ಶ್ರವಣ ನರಕ್ಕೆ ಸಂಕೇತ ದಾಟಿಸುತ್ತದೆ. ನಾವು ಕೇಳುವ ಪ್ರತಿ ಮಾತು, ಪ್ರತಿ ಸ್ವರ ಈ ಬಾಗುವಿಕೆಯಿಂದಲೇ ಹುಟ್ಟುವುದು.

ಇಂಥ ಕೋಶಗಳು ಒಂದು ಕಿವಿಯಲ್ಲಿ ಸುಮಾರು 15,000 ಮಾತ್ರ. ಕಣ್ಣಿನಲ್ಲಿ ಬೆಳಕನ್ನು ಗ್ರಹಿಸುವ ಕೋಶಗಳು 10 ಕೋಟಿಯ ಆಸುಪಾಸಿನಲ್ಲಿವೆ. ಅದರ ಮುಂದೆ ಕಿವಿಯ ಬಂಡವಾಳ ಎಷ್ಟು ಚಿಕ್ಕದು ಎಂದು ಯೋಚಿಸಿದಾಗಲೆಲ್ಲ ನನಗೆ ಕಳವಳವಾಗುತ್ತದೆ. ಏಕೆಂದರೆ ಹುಟ್ಟುವಾಗ ಬಂದದ್ದಷ್ಟೇ. ಸತ್ತ ಕೋಶದ ಜಾಗಕ್ಕೆ ಹೊಸದು ಬರುವುದಿಲ್ಲ. ಹಕ್ಕಿಗಳಲ್ಲಿ ಬರುತ್ತದೆ. 1980ರ ದಶಕದ ಕೊನೆಯಲ್ಲಿ ಇದು ಗೊತ್ತಾದಾಗಿನಿಂದ, ಮನುಷ್ಯರಲ್ಲೂ ಹಾಗೆ ಮಾಡಲಾದೀತೇ ಎಂಬ ಹುಡುಕಾಟ ನಡೆದೇ ಇದೆ.

ಸದ್ದು ವಿಪರೀತವಾದಾಗ ಎಳೆಗಳನ್ನು ಒಂದಕ್ಕೊಂದು ಕಟ್ಟಿರುವ ನವಿರಾದ ಕೊಂಡಿಗಳು ಕಡಿಯುತ್ತವೆ, ಎಳೆಗಳು ಜೋತು ಬೀಳುತ್ತವೆ. ಬಿಡುವಿಲ್ಲದೆ ದುಡಿದ ಕೋಶದೊಳಗೆ ಹಾನಿಕಾರಕ ರಾಸಾಯನಿಕಗಳು ಶೇಖರವಾಗುತ್ತವೆ. ನಿಮಗೆ ಮಾತು ಮಂದವಾಗಿ ಕೇಳಿಸಿದ್ದು ಇದರಿಂದ. ಕಡಿದ ಕೊಂಡಿಗಳು ಒಂದೆರಡು ದಿನಗಳಲ್ಲಿ ಮತ್ತೆ ಕೂಡಿಕೊಳ್ಳಬಲ್ಲವು, ದಣಿದ ಕೋಶ ಚೇತರಿಸಿಕೊಳ್ಳಬಲ್ಲದು. ನಿಮಗೆ ಬೆಳಗಾಗುವಷ್ಟರಲ್ಲಿ ಸರಿಹೋಗಿದ್ದು ಇದೇ ಕಾರಣಕ್ಕೆ. ಎಳೆಗಳು ಬುಡದಲ್ಲೇ ಮುರಿದರೆ ಅಥವಾ ಕೋಶವೇ ಸತ್ತರೆ ಆ ಅವಕಾಶವಿಲ್ಲ. ಇನ್ನೊಂದು ಮಾತು: ಸದ್ದು ನಿಂತ ಕೂಡಲೇ ಹಾನಿ ನಿಲ್ಲುವುದಿಲ್ಲ, ಒಳಗಿನ ರಾಸಾಯನಿಕ ದಾಳಿ ದಿನಗಟ್ಟಲೆ ಮುಂದುವರಿಯಬಹುದು.

ಮೊದಲೆಲ್ಲ ತಜ್ಞರೂ ನಿಮ್ಮಂತೆಯೇ ಯೋಚಿಸುತ್ತಿದ್ದರು. ಶ್ರವಣ ಪರೀಕ್ಷೆಯಲ್ಲಿ ಎಲ್ಲ ಸರಿ ಬಂತೆಂದರೆ ಕಿವಿ ಸರಿಯಾಯಿತು ಎಂದೇ ಲೆಕ್ಕ. 2009ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಶರೋನ್ ಕುಜಾವಾ ಮತ್ತು ಚಾರ್ಲ್ಸ್ ಲಿಬರ್‌ಮನ್ ಆ ಲೆಕ್ಕವನ್ನು ಅಲುಗಾಡಿಸಿದರು. ಇಲಿಗಳಿಗೆ ಎರಡು ತಾಸು 100 ಡೆಸಿಬೆಲ್ ಸದ್ದು ಕೇಳಿಸಿದರು. ಕೆಲ ದಿನಗಳಲ್ಲಿ ಇಲಿಗಳ ಶ್ರವಣ ಮೊದಲಿನ ಮಟ್ಟಕ್ಕೆ ಬಂತು, ಕೂದಲುಕೋಶಗಳೂ ಉಳಿದಿದ್ದವು. ಆದರೆ ಕೋಶಕ್ಕೂ ನರಕ್ಕೂ ನಡುವಿನ ಬೆಸುಗೆಗಳು, ಕಾಕ್ಲಿಯಾದ ಕೆಲವು ಭಾಗಗಳಲ್ಲಿ ಅರ್ಧದಷ್ಟು, ಕಳಚಿಹೋಗಿದ್ದವು. ಮುಂದೆ ನಿಧಾನವಾಗಿ ನರದ ಎಳೆಗಳೂ ನಶಿಸಿದವು. ಪರೀಕ್ಷೆಗೆ ಸಿಗದ ಈ ನಷ್ಟವನ್ನು ಈಗ ಗುಪ್ತ ಶ್ರವಣನಷ್ಟ ಎನ್ನುತ್ತಾರೆ. ಸಾಮಾನ್ಯ ಪರೀಕ್ಷೆ ಅಳೆಯುವುದು ನಿಶ್ಶಬ್ದ ಕೋಣೆಯಲ್ಲಿ ಎಷ್ಟು ಮೆಲ್ಲನೆಯ ಸದ್ದು ಕೇಳಿಸುತ್ತದೆ ಎಂಬುದನ್ನು. ಗದ್ದಲದ ನಡುವೆ ಒಬ್ಬರ ಮಾತನ್ನು ಹೆಕ್ಕಿಕೊಳ್ಳಲು ಅದಕ್ಕಿಂತ ಬಹಳ ಹೆಚ್ಚು ನರದ ಎಳೆಗಳು ಬೇಕು. ಮನುಷ್ಯರಲ್ಲಿ ಇದು ಎಷ್ಟರ ಮಟ್ಟಿಗೆ ಆಗುತ್ತದೆ ಎಂಬ ಚರ್ಚೆ ವಿಜ್ಞಾನಿಗಳ ನಡುವೆ ಇನ್ನೂ ನಡೆಯುತ್ತಿದೆ. ನನ್ನ ಮಟ್ಟಿಗಂತೂ ಎಚ್ಚರವಹಿಸಲು ಇಷ್ಟು ಸಾಕು.

ಜೋರು ಸದ್ದಿನಿಂದ ಕೋಶಗಳು ನಿಜವಾಗಿ ಸಾಯತೊಡಗಿದರೆ ನಷ್ಟ ಮೊದಲು ಕಾಣುವುದು 4,000 ಹರ್ಟ್ಸ್, ಅಂದರೆ ಸೆಕೆಂಡಿಗೆ 4,000 ಕಂಪನ, ಆಸುಪಾಸಿನ ಕೀಚು ಸದ್ದುಗಳಲ್ಲಿ. ಸ, ಶ, ಫ ಮೊದಲಾದ ವ್ಯಂಜನಗಳ ಗುರುತು ಇರುವುದು ಈ ಎತ್ತರದ ಕಂಪನಗಳಲ್ಲೇ. ಸ್ವರಗಳು ತಗ್ಗಿನಲ್ಲಿರುವುದರಿಂದ ಚೆನ್ನಾಗಿಯೇ ಕೇಳುತ್ತವೆ. ಹೀಗಾಗಿ ಯಾರೋ ಮಾತಾಡಿದ್ದು ತಿಳಿಯುತ್ತದೆ, ಅವರು ಹೇಳಿದ್ದು ಸಾಲೋ ಹಾಲೋ ಕಾಲೋ ತಿಳಿಯುವುದಿಲ್ಲ. "ಕೇಳಿಸುತ್ತೆ, ಆದರೆ ಅರ್ಥವಾಗಲ್ಲ" ಎಂದು ಯಾರಾದರೂ ಹೇಳಿದರೆ ಅದನ್ನು ನೆವವೆಂದು ತಳ್ಳಿಹಾಕಬೇಡಿ.

ಇನ್ನು ನಿಮ್ಮ ಮೂರು ತಾಸಿನ ಲೆಕ್ಕ. ಡೆಸಿಬೆಲ್ 3 ಏರಿದರೆ ಸದ್ದಿನ ಶಕ್ತಿ ಇಮ್ಮಡಿಯಾಗುತ್ತದೆ, ಆದರೆ ನಮ್ಮ ಕಿವಿಗೆ ಆ ಏರಿಕೆ ಅಷ್ಟಾಗಿ ಗೊತ್ತೇ ಆಗುವುದಿಲ್ಲ. ಅಪಾಯ ಅಡಗಿರುವುದು ಇಲ್ಲೇ. ಕೆಲಸದ ಜಾಗಗಳಿಗಾಗಿ ನಿಯಾಶ್ (ಕೆಲಸಗಾರರ ಆರೋಗ್ಯ, ಸುರಕ್ಷತೆಯ ಅಧ್ಯಯನ ನಡೆಸುವ ಅಮೆರಿಕದ ಸರ್ಕಾರಿ ಸಂಸ್ಥೆ) ಹೇಳುವ ಮಿತಿ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ತಾಸು. ಪ್ರತಿ 3 ಡೆಸಿಬೆಲ್‌ಗೆ ಸಮಯ ಅರ್ಧಕ್ಕಿಳಿಯುತ್ತದೆ: 88ಕ್ಕೆ 4 ತಾಸು, 91ಕ್ಕೆ 2 ತಾಸು. ಹೀಗೇ ಇಳಿಯುತ್ತ 100 ತಲುಪಿದಾಗ ಉಳಿಯುವುದು 15 ನಿಮಿಷ. ಸ್ಪೀಕರ್ ಹತ್ತಿರ 100 ಡೆಸಿಬೆಲ್ ಇರುವುದು ಅಪರೂಪವೇನಲ್ಲ. ಅಷ್ಟೇ ಇತ್ತೆಂದುಕೊಂಡರೂ ನೀವು ಒಂದು ದಿನದ ಪಾಲಿನ ಹನ್ನೆರಡು ಪಟ್ಟು ಸದ್ದನ್ನು ಒಂದೇ ರಾತ್ರಿಯಲ್ಲಿ ಕೇಳಿದ್ದೀರಿ. ಬಂದೂಕು, ಪಟಾಕಿಗಳ ಸಿಡಿತಕ್ಕೆ ಈ ಲೆಕ್ಕ ಒಪ್ಪುವುದಿಲ್ಲ. 140 ಡೆಸಿಬೆಲ್ ದಾಟಿದ ಒಂದೇ ಹೊಡೆತ ಶಾಶ್ವತ ಹಾನಿ ಮಾಡಬಲ್ಲದು. ಜೋರು ಸದ್ದಿಗೆ ಬಿಗಿದುಕೊಂಡು ತಡೆಯೊಡ್ಡುವ ಸಣ್ಣ ಸ್ನಾಯು ಮಧ್ಯಕಿವಿಯಲ್ಲಿದ್ದರೂ, ಅದು ಬಿಗಿಯುವಷ್ಟರಲ್ಲಿ ಸಿಡಿತ ಒಳಗೆ ಹೋಗಿಯಾಗಿರುತ್ತದೆ.

"ನನಗೆ ಅಭ್ಯಾಸವಾಗಿದೆ" ಎನ್ನುವವರನ್ನು ನಂಬಬೇಡಿ. ಗ್ಲಾಸ್ಗೋ ನಗರದ ವೈದ್ಯ ಥಾಮಸ್ ಬಾರ್ 1886ರಲ್ಲಿ ಬಾಯ್ಲರ್ ತಯಾರಿಸುವ 100 ಕೆಲಸಗಾರರ ಕಿವಿ ಪರೀಕ್ಷಿಸಿದಾಗ, ಅವರಲ್ಲಿ ಒಬ್ಬರ ಶ್ರವಣವೂ ಸರಿಯಿರಲಿಲ್ಲ. ಕಿವಿ ಸದ್ದಿಗೆ ಒಗ್ಗುವುದಿಲ್ಲ, ಕೇಳುವ ಶಕ್ತಿ ಕುಂದಿದಾಗ ಒಗ್ಗಿದಂತೆ ಅನ್ನಿಸುತ್ತದೆ.

ಮುಂದಿನ ವಾರದ ಕಾರ್ಯಕ್ರಮಕ್ಕೆ ಖಂಡಿತ ಹೋಗಿ. ಸ್ಪೀಕರ್‌ನಿಂದ ಆದಷ್ಟು ದೂರ ನಿಲ್ಲಿ, ನಡುನಡುವೆ ಹೊರಗೆ ಬಂದು ಕಿವಿಗೆ ಬಿಡುವು ಕೊಡಿ. ಹತ್ತಿಯಿಂದ ಹೆಚ್ಚು ಪ್ರಯೋಜನವಿಲ್ಲ, ಇಯರ್‌ಪ್ಲಗ್ ಬೇಕು. ಫೋಮ್‌ನದ್ದಾದರೆ ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗೆ ತೂರಿಸಿ, ಅದು ಉಬ್ಬಿ ಕೂರುವ ತನಕ ಒತ್ತಿ ಹಿಡಿಯಿರಿ. ಸರಿಯಾಗಿ ಕೂತು 15 ಡೆಸಿಬೆಲ್ ತಗ್ಗಿಸಿದರೂ 100 ಇದ್ದದ್ದು 85 ಆಯಿತು, ಮೂರು ತಾಸು ಮಿತಿಯೊಳಗೇ ಬಂತು. ಮರುದಿನ ಹೆಡ್‌ಫೋನ್ ಮುಟ್ಟಬೇಡಿ. ಗುಂಯ್ ಸದ್ದು ಒಂದೆರಡು ದಿನವಾದರೂ ನಿಲ್ಲದಿದ್ದರೆ ಕಿವಿ ಮೂಗು ಗಂಟಲು ತಜ್ಞರನ್ನು ಕಾಣಿ. ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ಅಷ್ಟೂ ಕಾಯಬೇಡಿ, ಅಂದೇ ಹೋಗಿ. ಅದಕ್ಕೆ ಕೊಡುವ ಸ್ಟೀರಾಯ್ಡ್ ಚಿಕಿತ್ಸೆ ಬೇಗ ಶುರುವಾದಷ್ಟೂ ಫಲ ಕೊಡುವ ಸಾಧ್ಯತೆ ಹೆಚ್ಚು.