ಲೈನ್ ಮನೆಯವರು ಏಕೆ ಮಾತನಾಡುವುದಿಲ್ಲ

ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಾಫಿ ತೋಟಗಳಲ್ಲಿ ದುಡಿಯುತ್ತ, ಲೈನ್ ಮನೆಗಳೆಂಬ ಮಾಲೀಕರ ಸಾಲುಮನೆಗಳಲ್ಲಿ ಬಾಳುವವರು ಕೂಲಿಯ ಬಗ್ಗೆಯಾಗಲಿ ವಸತಿಯ ಬಗ್ಗೆಯಾಗಲಿ ಬಹಿರಂಗವಾಗಿ ದೂರುವುದು ಅಪರೂಪ. ಅದನ್ನು ತೃಪ್ತಿಯೆಂದು ತಿಳಿಯುವವರಿದ್ದಾರೆ. ಆದರೆ ಈ ಮೌನಕ್ಕೆ ಒಂದೂವರೆ ಶತಮಾನಕ್ಕೂ ಮೀರಿದ ಇತಿಹಾಸವಿದ್ದು, ಅದರ ಬೇರು ಭೂಮಿಯ ಒಡೆತನದಲ್ಲಿದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿಯನ್ನರು ಮಲೆನಾಡಿನಲ್ಲಿ ದೊಡ್ಡ ತೋಟಗಳನ್ನು ಎಬ್ಬಿಸಿದಾಗ, ಘಟ್ಟದ ಕೆಳಗಿನಿಂದಲೂ ತಮಿಳು ಸೀಮೆಯಿಂದಲೂ ಮೇಸ್ತ್ರಿಗಳೆಂಬ ದಲ್ಲಾಳಿಗಳ ಮೂಲಕ ಮುಂಗಡ ಕೊಟ್ಟು ಆಳುಗಳನ್ನು ಕರೆಸಿಕೊಂಡರು. ಮುಂಗಡ ಪಡೆದು ಕೆಲಸ ಬಿಟ್ಟವರನ್ನು ಸೆರೆಮನೆಗೆ ಕಳುಹಿಸಲು ಬ್ರಿಟಿಷ್ ಇಂಡಿಯಾದ 1859ರ ಕಾಯ್ದೆಯಲ್ಲಿ ಅವಕಾಶವಿತ್ತು. ಆ ಕಾಯ್ದೆ 1920ರ ದಶಕದಲ್ಲಿ ರದ್ದಾಯಿತು, ತೋಟಗಳು ಕ್ರಮೇಣ ಸ್ಥಳೀಯ ಮನೆತನಗಳ ಕೈ ಸೇರಿದವು. ಮುಂಗಡದ ಪದ್ಧತಿ ಮಾತ್ರ ಉಳಿಯಿತು. 2022ರ ಅಕ್ಟೋಬರ್‌ನಲ್ಲಿಯೂ, ಸಾಲ ತೀರಿಸಲಿಲ್ಲವೆಂದು ದಲಿತ ಕಾರ್ಮಿಕರನ್ನು ಕೂಡಿಹಾಕಿದ ಆರೋಪದ ಮೇಲೆ ಚಿಕ್ಕಮಗಳೂರು ಜಿಲ್ಲೆಯ ತೋಟವೊಂದರ ಮಾಲೀಕರ ವಿರುದ್ಧ ಪ್ರಕರಣ ದಾಖಲಾಯಿತು.

ದೇವರಾಜ ಅರಸು ಸರ್ಕಾರದ 1974ರ ಭೂಸುಧಾರಣಾ ತಿದ್ದುಪಡಿ ರಾಜ್ಯದ ಗೇಣಿದಾರರಿಗೆ ಭೂಮಿಯ ಜೊತೆಗೆ ಊರಿನಲ್ಲಿ ತಲೆಯೆತ್ತಿ ಮಾತನಾಡುವ ಧೈರ್ಯವನ್ನೂ ಕೊಟ್ಟಿತು. ಆದರೆ ಭೂಸುಧಾರಣಾ ಕಾಯ್ದೆಯ 104ನೆಯ ಕಲಮು ಕಾಫಿ, ಏಲಕ್ಕಿ, ಮೆಣಸು, ಚಹಾ, ರಬ್ಬರ್ ತೋಟಗಳನ್ನು ಹೊರಗಿಟ್ಟಿತ್ತು. ಕಲಮು ಇಲ್ಲದಿದ್ದರೂ ತೋಟದ ಆಳುಗಳು ಗೇಣಿ ಹಕ್ಕು ಕೇಳುವಂತಿರಲಿಲ್ಲ. ಅವರು ದಿನಗೂಲಿಯವರು, ಉಳುವವರ ಲೆಕ್ಕಕ್ಕೇ ಬಾರದವರು.

ಅವರಿಗಾಗಿ ಇದ್ದದ್ದು 1951ರ ತೋಟ ಕಾರ್ಮಿಕರ ಕಾಯ್ದೆ. ವಸತಿ, ಚಿಕಿತ್ಸೆ, ಶಿಶುಪಾಲನೆಯ ಹೊಣೆಯನ್ನು ಅದು ಮಾಲೀಕರ ಮೇಲೆ ಹೊರಿಸಿತು. ಉದ್ದೇಶ ಒಳ್ಳೆಯದೇ ಆಗಿತ್ತು. ಆದರೆ ಲೈನ್ ಮನೆ ಕೆಲಸಕ್ಕೆ ಅಂಟಿಕೊಂಡದ್ದರಿಂದ, ಕೂಲಿ ಹೆಚ್ಚಿಸಿರೆಂದು ಕೇಳಿದವರಿಗೆ ಕೆಲಸದೊಡನೆ ಸೂರೂ, ಮಕ್ಕಳಿಗೆ ಶಾಲೆಯೂ ತಪ್ಪುವ ಭಯ ಹುಟ್ಟಿಕೊಂಡಿತು. ಹೀಗೆ ಬೆದರಿಕೆಯ ಮಾತೇ ಆಡದೆ ಒಂದಿಡೀ ಕುಟುಂಬದ ಬಾಯಿ ಕಟ್ಟಲು ಸಾಧ್ಯವಾಯಿತು. ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡ ಬಡವರಿಗೆ ಭೂಕಂದಾಯ ಕಾಯ್ದೆಯ 94 ಸಿ ಕಲಮಿನಡಿ ಹಕ್ಕುಪತ್ರ ದೊರೆಯುತ್ತದೆ. ಮೂರು ತಲೆಮಾರು ಲೈನ್ ಮನೆಯಲ್ಲಿ ಬಾಳಿದವರಿಗೆ ಅದು ದೊರೆಯದು, ಏಕೆಂದರೆ ಆ ಜಾಗ ತೋಟದ್ದು.

ಶ್ರೀಲಂಕಾದಲ್ಲಿ ಈ ಬಾಯಿ ಕಟ್ಟುವ ಕೆಲಸ ಇನ್ನೂ ಕ್ರೂರವಾಗಿ ನಡೆಯಿತು. 1947ರ ಚುನಾವಣೆಯಲ್ಲಿ ಚಹಾ ತೋಟಗಳ ತಮಿಳು ಕಾರ್ಮಿಕರು ತಮ್ಮ ಪ್ರತಿನಿಧಿಗಳನ್ನು ಸಂಸತ್ತಿಗೆ ಕಳುಹಿಸಿದ ಮರುವರ್ಷವೇ ಪೌರತ್ವ ಕಾಯ್ದೆ ಬಂದು ಅವರಲ್ಲಿ ಬಹುಪಾಲು ಜನರನ್ನು ದೇಶವಿಲ್ಲದವರನ್ನಾಗಿ ಮಾಡಿತು. ನಮ್ಮಲ್ಲಿ ಮತದಾನದ ಹಕ್ಕು ಉಳಿದಿದೆ. ಮತ ಹಾಕಿ ಮರಳಬೇಕಾದದ್ದು ಮಾತ್ರ ಮಾಲೀಕರ ಮನೆಗೆ.

ಒತ್ತುವರಿಯ ವಿಷಯಕ್ಕೆ ಬಂದಾಗ ಮಾಲೀಕರಿಗೂ ಆಳುಗಳಿಗೂ ನಡುವಿನ ಅಂತರ ಬಯಲಾಗುತ್ತದೆ. 2005ಕ್ಕೆ ಮೊದಲು ಸರ್ಕಾರಿ ಜಮೀನಿನಲ್ಲಿ ತೋಟ ಮಾಡಿದವರಿಗೆ 25 ಎಕರೆಯವರೆಗೆ 30 ವರ್ಷಗಳ ಗುತ್ತಿಗೆ ನೀಡುವ ತಿದ್ದುಪಡಿಗೆ 2022ರಲ್ಲಿ ವಿಧಾನಮಂಡಲ ಒಪ್ಪಿಗೆ ಕೊಟ್ಟಿತು. ಬೆಳೆಗಾರರ ಸಂಘಟನೆಗಳು ವರ್ಷಗಳಿಂದ ಕೇಳುತ್ತಿದ್ದ ಬೇಡಿಕೆಯಿದು; ಸಣ್ಣ ಬೆಳೆಗಾರರಿಗೆ ಇದರಿಂದ ನೆಮ್ಮದಿ ಸಿಕ್ಕಿದ್ದೂ ನಿಜ. ಆದರೆ ನಿವೇಶನಕ್ಕೆ ಅರ್ಜಿ ಹಿಡಿದು ಪಂಚಾಯಿತಿಗೆ ಹೋದ ಲೈನ್ ಮನೆಯವರಿಗೆ ಊರಿನಲ್ಲಿ ಸರ್ಕಾರಿ ಜಾಗವೇ ಇಲ್ಲವೆಂಬ ಉತ್ತರ ಬರುವಾಗ, ಆ ಜಾಗ ಯಾರ ಬೇಲಿಯೊಳಗಿದೆ ಎಂಬುದು ಕೇಳಿದವರಿಗೂ ಹೇಳಿದವರಿಗೂ ಗೊತ್ತಿರುತ್ತದೆ. ಗುತ್ತಿಗೆ ಪತ್ರಕ್ಕೆ ಸಹಿ ಬೀಳುವ ಮೊದಲು ಆಯಾ ಗ್ರಾಮದ ನಿವೇಶನರಹಿತರಿಗೆ ಬೇಕಾದಷ್ಟು ಜಾಗವನ್ನು ಅಳೆದು ತೆಗೆದಿಡುವುದು ಕಂದಾಯ ಇಲಾಖೆಗೆ ಕಷ್ಟದ ಕೆಲಸವಲ್ಲ.