ಹಳೆಯ ರಿಪೋರ್ಟನ್ನೂ ತನ್ನಿ

ತಿಪಟೂರು ಕಡೆಯ ತೆಂಗು ಬೆಳೆಗಾರರೊಬ್ಬರನ್ನು ಅವರ ಮಗಳು ತುಮಕೂರಿನ ನನ್ನ ಕ್ಲಿನಿಕ್‌ಗೆ ಕರೆತಂದಿದ್ದರು. ಏದುಸಿರು, ಕಾಲೂತ ಎಂದು ಆಸ್ಪತ್ರೆ ಸೇರಿ ವಾರದ ಹಿಂದಷ್ಟೇ ಮನೆಗೆ ಮರಳಿದ್ದವರು. ಹೃದಯದ ಪಂಪಿಂಗ್ ಕಡಿಮೆ ಎಂದು ಎಕೋದಲ್ಲಿ ಬಂದಿತ್ತು. ಮಗಳು ಬಿಡುಗಡೆಯ ದಿನದ ರಕ್ತ ಪರೀಕ್ಷೆಯ ಹಾಳೆಯನ್ನು ಮಾತ್ರ ತಂದಿದ್ದರು. ಹೃದಯದ ಮೇಲಿನ ಒತ್ತಡವನ್ನು ತೋರಿಸುವ ಎನ್‌ಟಿ-ಪ್ರೊಬಿಎನ್‌ಪಿ 2,600, ಪಕ್ಕದಲ್ಲಿ ಮಿತಿ 125 ಎಂದು ಅಚ್ಚಾಗಿತ್ತು.

“ಇಪ್ಪತ್ತು ಪಟ್ಟು ಜಾಸ್ತಿ ಇದೆ ಸಾರ್, ಅಪ್ಪ ಉಳಿಯುತ್ತಾರೆಯೇ?”

ಆಸ್ಪತ್ರೆ ಸೇರಿದ ದಿನದ ರಿಪೋರ್ಟ್ ಎಲ್ಲಿ ಎಂದು ಕೇಳಿದೆ. ಹಳೆಯದೆಂದು ಮನೆಯಲ್ಲೇ ಬಿಟ್ಟಿದ್ದರು. ಮೊಬೈಲ್‌ಗೆ ಫೋಟೊ ತರಿಸಿ ನೋಡಿದರೆ ಅಂದು 4,200 ಇತ್ತು.

ಹೃದಯದ ಗೋಡೆ ಒತ್ತಡಕ್ಕೆ ಸಿಕ್ಕಿ ಹಿಗ್ಗಿದಾಗ ಅದರ ಸ್ನಾಯುವೇ ರಕ್ತಕ್ಕೆ ಬಿಡುವ ವಸ್ತು ಈ ಎನ್‌ಟಿ-ಪ್ರೊಬಿಎನ್‌ಪಿ. 125 ಎಂಬುದು, ಅದಕ್ಕಿಂತ ಕಡಿಮೆಯಿದ್ದರೆ ಹೃದಯ ವೈಫಲ್ಯ (ಹೃದಯ ಸಾಕಷ್ಟು ರಕ್ತ ಪಂಪ್ ಮಾಡಲಾರದ ಸ್ಥಿತಿ) ಇರಲಾರದು ಎನ್ನಲು ಎಳೆದ ಗೆರೆ. ರೋಗ ಖಚಿತವಾದವರ ಮುಂದಿನ ದಿನಗಳನ್ನು ಅದರಿಂದ ಅಳೆಯಬಾರದು. ಅಲ್ಲಿ ನೋಡಬೇಕಾದದ್ದು ಇಳಿಕೆಯನ್ನು. ಬಿಡುಗಡೆಯ ಹೊತ್ತಿಗೆ ಶೇ 30ಕ್ಕಿಂತ ಹೆಚ್ಚು ಇಳಿದವರು ಮುಂದೆ ಚೇತರಿಸಿಕೊಳ್ಳುವ ಸಂಭವ ಹೆಚ್ಚು. ಇವರಲ್ಲಿ ಶೇ 38ರಷ್ಟು ಇಳಿದಿತ್ತು. ವಯಸ್ಸು, ಕಿಡ್ನಿ ತೊಂದರೆ ಈ ಅಂಕಿಯನ್ನು ಏರಿಸುತ್ತವೆ. ದಪ್ಪ ಮೈಯವರಲ್ಲಿ ಅದು ಕಡಿಮೆ ತೋರುತ್ತದೆ.

ನನ್ನನ್ನು ಚಿಂತೆಗೆ ಹಚ್ಚಿದ್ದು ಅದೇ ಹಾಳೆಯಲ್ಲಿ ಯಾರೂ ಬೆರಳಿಟ್ಟು ತೋರಿಸದ ಅಗ್ಗದ ಪರೀಕ್ಷೆಗಳ ಸಾಲುಗಳು. ಸೋಡಿಯಂ 131 ಇತ್ತು. ಉಪ್ಪಿನಂಶ ಕಡಿಮೆಯಾಗಿದೆ ಎಂದು ಯಾರೋ ಹೇಳಿದ್ದರಿಂದ ಸಾರಿಗೆ ಉಪ್ಪು ಹೆಚ್ಚಿಸಿದ್ದರು, ಊಟಕ್ಕೆ ಉಪ್ಪಿನಕಾಯಿಯೂ ಬಂದಿತ್ತು. ಈ ತಪ್ಪನ್ನು ನಾನು ಮತ್ತೆ ಮತ್ತೆ ಕಾಣುತ್ತೇನೆ, ಪ್ರತಿ ಸಲವೂ ಸಂಕಟವಾಗುತ್ತದೆ. ಹೃದಯ ಸೋತವರಲ್ಲಿ ಸಾಮಾನ್ಯವಾಗಿ ಉಪ್ಪಿಗೆ ಕೊರತೆಯಿರುವುದಿಲ್ಲ. ಮೈಯಲ್ಲಿ ನೀರು ನಿಂತು ರಕ್ತದಲ್ಲಿನ ಸೋಡಿಯಂ ತೆಳುವಾಗಿರುತ್ತದೆ. ಉಪ್ಪು ಹೆಚ್ಚಿಸಿದರೆ ನೀರು ಇನ್ನಷ್ಟು ನಿಲ್ಲುತ್ತದೆ. 135ಕ್ಕಿಂತ ಕೆಳಗಿನ ಸೋಡಿಯಂ ಈ ರೋಗಿಗಳಲ್ಲಿ ಅಪಾಯದ ಸೂಚನೆ ಎಂಬುದು ವೈದ್ಯರಿಗೆ ಬಹುಕಾಲದಿಂದ ಗೊತ್ತಿದೆ.

ಇನ್ನೊಂದು ಆರ್‌ಡಿಡಬ್ಲ್ಯು. ಕೆಂಪು ರಕ್ತಕಣಗಳ ಗಾತ್ರ ಎಷ್ಟು ಏರುಪೇರಾಗಿದೆ ಎಂದು ಹೇಳುವ ಇದು ಸಾಮಾನ್ಯ ರಕ್ತಕಣಗಳ ಎಣಿಕೆಯ ಜೊತೆಗೇ ಬರುತ್ತದೆ, ಬೇರೆ ಹಣ ಕೊಡಬೇಕಿಲ್ಲ. ಅದು ಹೆಚ್ಚಿರುವ ಹೃದಯ ವೈಫಲ್ಯದ ರೋಗಿಗಳಿಗೆ ಅಪಾಯವೂ ಹೆಚ್ಚು ಎಂದು 2007ರಲ್ಲೇ ದೊಡ್ಡ ಅಧ್ಯಯನವೊಂದು ತೋರಿಸಿತು. ಇವರದು 17; ಸಾಮಾನ್ಯವಾಗಿ 14.5ರೊಳಗೆ ಇರಬೇಕು. ಅದಕ್ಕೆ ಮೈಯಲ್ಲಿನ ಕಬ್ಬಿಣದ ದಾಸ್ತಾನು ತಿಳಿಸುವ ಫೆರಿಟಿನ್ ಪರೀಕ್ಷೆ ಮಾಡಿಸಿದೆ, 62 ಬಂತು. ಲ್ಯಾಬ್ ಅದನ್ನು ಸರಿಯಿದೆ ಎಂದೇ ಅಚ್ಚು ಹಾಕಿತ್ತು. ಆದರೆ ಹೃದಯ ವೈಫಲ್ಯದಲ್ಲಿ 100ಕ್ಕಿಂತ ಕಡಿಮೆಯಿದ್ದರೆ ಕಬ್ಬಿಣದ ಕೊರತೆ ಎಂದೇ ಎಣಿಸುತ್ತೇವೆ. ಇಂಥವರಿಗೆ ಮಾತ್ರೆಯಿಂದ ಹೆಚ್ಚು ಪ್ರಯೋಜನವಿಲ್ಲ. ಡ್ರಿಪ್ ಮೂಲಕ ಕಬ್ಬಿಣ ಕೊಟ್ಟರೆ ಸುಸ್ತು ತಗ್ಗುತ್ತದೆ.

“ನೋಡಮ್ಮ, ಅಪ್ಪನ ಆಯುಷ್ಯ ಈ ಹಾಳೆಯಲ್ಲಿ ಬರೆದಿಲ್ಲ. ಮೊದಲು ಏನು ಸರಿಪಡಿಸಬೇಕು ಎಂಬುದು ಮಾತ್ರ ಇದೆ” ಎಂದೆ.

ಎನ್‌ಟಿ-ಪ್ರೊಬಿಎನ್‌ಪಿಯ ದುಬಾರಿ ಪರೀಕ್ಷೆಯನ್ನು ತಿಂಗಳು ತಿಂಗಳೂ ಮಾಡಿಸಬೇಕೇ ಎಂದು ಆಕೆ ಕೇಳಿದರು. ಬೇಡ ಎಂದೆ. ಆ ಅಂಕಿಯನ್ನೇ ಗುರಿಯಾಗಿಟ್ಟು ಔಷಧಿ ಹೊಂದಿಸಿದವರಿಗೆ, ಎಂದಿನ ಒಳ್ಳೆಯ ಚಿಕಿತ್ಸೆ ಪಡೆದವರಿಗಿಂತ ಹೆಚ್ಚಿನ ಲಾಭವಾಗಲಿಲ್ಲ ಎಂದು 2017ರ ಅಧ್ಯಯನವೊಂದು ಹೇಳಿದೆ. ಅದರ ಬದಲು ಒಂದು ತೂಕದ ಯಂತ್ರ ಕೊಳ್ಳಿ, ದಿನಾ ಬೆಳಿಗ್ಗೆ ತಿಂಡಿಗೆ ಮೊದಲು ತೂಗಿ, ಎರಡು ಮೂರು ದಿನಗಳಲ್ಲಿ ಎರಡು ಕಿಲೊ ಏರಿದರೆ ಫೋನ್ ಮಾಡಿ ಎಂದೆ. ಮುಂದಿನ ಸಲ ಅವರು ಕ್ಯಾಲೆಂಡರನ್ನೇ ಕಿತ್ತು ತಂದಿದ್ದರು. ಪ್ರತಿ ತಾರೀಖಿನ ಚೌಕದಲ್ಲೂ ಅಪ್ಪನ ತೂಕವಿತ್ತು.